ಕೀ ಮೊಳೆಯಲ್ಲೇ ಇತ್ತು

3 ಫೆಬ್ರವರಿ 1991

ಮಗಳೇ,

ವಿಷಯ: ಕಾರು.

ನಿನ್ನೆ ಬೆಳಿಗ್ಗೆ ಹತ್ತೂವರೆಗೆ ಡ್ರೈವಿಂಗ್ ಪರೀಕ್ಷೆ ನಡೆಯಿತು. ಪರೀಕ್ಷೆಗೆ ಕೂತವನು ನಾನು, ಪರೀಕ್ಷೆ ಮಾಡಿದವನೂ ನಾನು. ಫಲಿತಾಂಶ: ಫೇಲು.

ನಗಬೇಡ. ಇಪ್ಪತ್ತೆಂಟು ವರ್ಷ ಲೈಸೆನ್ಸ್ ಇನ್‌ಸ್ಪೆಕ್ಟರಾಗಿ ಊರಿನವರನ್ನೆಲ್ಲ ಬೆವರಿಳಿಸಿದವನು, ಬೆನ್ನ ಹಿಂದೆ ‘ಕೆಂಪು ಶಾಯಿ’ ಎಂದು ಕರೆಸಿಕೊಂಡವನು, ಎಪ್ಪತ್ನಾಲ್ಕನೆಯ ವಯಸ್ಸಿನಲ್ಲಿ ತನಗೆ ತಾನೇ ರಿಯಾಯಿತಿ ಕೊಟ್ಟುಕೊಂಡರೆ ನಾನು ಫೇಲು ಮಾಡಿದವರೆಲ್ಲ ಸಾಲಾಗಿ ಬಂದು ಬಾಗಿಲು ತಟ್ಟುತ್ತಾರೆ. ಎದುರುಮನೆಯ ದರ್ಜಿಯನ್ನು ಸಾಕ್ಷಿಗೆ ಕರೆದೆ. ಇಪ್ಪತ್ತೈದು ಹೆಜ್ಜೆ ದೂರದಲ್ಲಿ ನಿಂತಿದ್ದ ಲಾರಿಯ ನಂಬರು ಓದಿದೆ. ಅವನು ತಲೆ ಕೆರೆದುಕೊಂಡು, “ಸಾರ್, ಬೇಜಾರು ಮಾಡ್ಕೋಬೇಡಿ, ನೀವು ಮೂರು ಅಂದಿದ್ದೆಲ್ಲ ಎಂಟು” ಎಂದ.

ಆಮೇಲೆ ನೀರಿನ ಟ್ಯಾಂಕಿನ ಏರಿಗೆ ಹೋದೆವು. ನನ್ನ ಪದ್ಧತಿ ನಿನಗೆ ಗೊತ್ತೇ ಇದೆ. ಏರಿನಲ್ಲಿ ಕಾರು ನಿಲ್ಲಿಸಿ, ಹಿಂದಿನ ಚಕ್ರಕ್ಕೆ ತಾಗುವಂತೆ ಒಂದು ಬೆಂಕಿಪೊಟ್ಟಣ ಇಡುವುದು. ಕಾರು ಒಂದು ಬೆರಳಿನಷ್ಟೂ ಹಿಂದೆ ಜಾರದೆ ಮುಂದಕ್ಕೆ ಹೋಗಬೇಕು. ಪೊಟ್ಟಣ ಜಜ್ಜಿದರೆ ಫೇಲು. ಇದು ಸರ್ಕಾರದ ನಿಯಮವಲ್ಲ, ನಾನೇ ಹಾಕಿಕೊಂಡದ್ದು. ನಿನ್ನೆ ನನ್ನ ಪೊಟ್ಟಣ ಜಜ್ಜಿತು. ದರ್ಜಿ ಅದನ್ನು ಎತ್ತಿಕೊಂಡು, “ಇನ್ನೊಂದ್ಸಲ ನೋಡೋಣ್ವಾ ಸಾರ್?” ಎಂದ. “ಯಾರಿಗಾದರೂ ಇನ್ನೊಂದು ಸಲ ಕೊಟ್ಟಿದ್ದೀನೇನಯ್ಯಾ?” ಎಂದು ಬೈದೆ. ಮನೆಗೆ ಬರುವಾಗ ಅವನೇ ಓಡಿಸಿದ. ಗೇರು ಹಾಕುವಾಗ ನನ್ನ ಪ್ರಾಣ ಹೋಗಿ ಬಂತು.

ತಪ್ಪು ಕಾರಿನದಲ್ಲ. 1954ರಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ ನಾಲ್ಕು ಬಾಗಿಲ ಸಲೂನು, ನಾವು 1961ರಲ್ಲಿ ಮೂರನೆಯ ಕೈಯಾಗಿ ಕೊಂಡದ್ದು, ಈಗಲೂ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ತಿರುಗುವಾಗ ಬಾಗಿಲ ಕಂಬದಿಂದ ಹೊರಗೆ ಏಳುವ ಆ ಕೆಂಪು ಕೈಗಳು ಎರಡೂ ಏಳುತ್ತವೆ. ಎಡಗಡೆಯದು ಸ್ವಲ್ಪ ಸೋಮಾರಿ, ಕಂಬಕ್ಕೆ ಒಂದು ಗುದ್ದು ಕೊಡಬೇಕು, ಅಷ್ಟೆ. ನಿಮ್ಮಮ್ಮ ಈ ಕಾರನ್ನು ಸವತಿ ಎನ್ನುತ್ತಿದ್ದಳಲ್ಲ, ಸವತಿ ಗಟ್ಟಿಯಾಗೇ ಇದ್ದಾಳೆ. ಯಜಮಾನನೇ ಲಡ್ಡಾದ.

ಹಲ್ಲಿನ ಡಾಕ್ಟರು ಒಬ್ಬರು ಹಳೆಯ ಕಾರುಗಳನ್ನು ಸಾಕುತ್ತಾರೆ. ಇದನ್ನೂ ಕೇಳುತ್ತಿದ್ದಾರೆ. ಅವರಿಗೆ ಹೂಂ ಅನ್ನುವ ಮೊದಲು ನಿನ್ನನ್ನು ಕೇಳುವುದು ನ್ಯಾಯ. ಬೇಕಾದರೆ ಬಂದು ತೆಗೆದುಕೊಂಡು ಹೋಗು. ಬರುವುದಾದರೆ ಏಪ್ರಿಲ್ ಮುಗಿಯುವುದರೊಳಗೆ ಬಾ.

ನಿನ್ನ ಅಪ್ಪ


20 ಫೆಬ್ರವರಿ 1991

ಅಪ್ಪ,

ವರ್ಷಕ್ಕೊಂದೇ ಕಾಗದ ಬರೆಯುವವರು ನೀವು. ಡಿಸೆಂಬರಿನದು ಬಂದ ಬೆನ್ನಿಗೇ ಇನ್ನೊಂದು ಬಂದದ್ದು ನೋಡಿ ಏನು ಕೇಡಾಯಿತೋ ಎಂದುಕೊಂಡೆ. ಒಡೆದು ನೋಡಿದರೆ ಕಾರು.

ನನಗೆ ಬೇಡ. ಅಮ್ಮ ಹೋದ ಮೇಲೆ ನಾನು ಸ್ಟೀರಿಂಗ್ ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ನಿಮ್ಮ ಅಳಿಯಂದಿರಿಗೆ ಸ್ಕೂಟರು ಸಾಕು. ಡಾಕ್ಟರಿಗೇ ಕೊಟ್ಟುಬಿಡಿ.

ಹದಿನಾಲ್ಕು ವರ್ಷದಿಂದ ಕನ್ನಡಕದ ಕಾರ್ಖಾನೆಯಲ್ಲಿ ಗಾಜು ಉಜ್ಜುವವಳು ಹೇಳುತ್ತಿದ್ದೇನೆ, ಎಂಟು ಮೂರಾಗಿ ಕಾಣುವುದು ಬರೀ ವಯಸ್ಸಲ್ಲ, ಕಣ್ಣಿಗೆ ಪೊರೆ ಬಂದಿರಬೇಕು. ತಡ ಮಾಡದೆ ತೋರಿಸಿ. ಪೊರೆ ತೆಗೆಸಿದ ಮೇಲೆ ಚೀಟಿ ಕಳಿಸಿದರೆ ಗಾಜು ನಾನೇ ಮಾಡಿಕೊಡುತ್ತೇನೆ.

ಏಪ್ರಿಲ್‌ನಲ್ಲಿ ರಜೆ ಸಿಗುವುದಿಲ್ಲ.

ನಿಮ್ಮ ಮಗಳು


4 ಮಾರ್ಚ್ 1991

ಮಗಳೇ,

ವಿಷಯ: 1972ನೇ ಇಸವಿ ಮಾರ್ಚ್ 6ರ ಪರೀಕ್ಷೆ.

ಕಾರು ಕೊಡುವ ನೆಪದಲ್ಲಿ ನಿನ್ನನ್ನು ಕರೆಸಿ, ಎದುರು ಕೂತು ಹೇಳೋಣ ಎಂದುಕೊಂಡಿದ್ದೆ. ನೀನು ಬರುವುದಿಲ್ಲ ಎಂದೆ. ಕಾಗದದಲ್ಲೇ ಹೇಳುತ್ತೇನೆ.

ನಿನಗೆ ಇಪ್ಪತ್ತೆರಡು ವರ್ಷ. ಇದೇ ಕಾರು, ಇದೇ ಏರು. ನಾನು ಪಕ್ಕದ ಸೀಟಿನಲ್ಲಿ, ಹಿಂದೆ ನಮ್ಮ ಆಫೀಸಿನ ಗುಮಾಸ್ತ. ಪೇಟೆಯ ಬೀದಿಯಲ್ಲಿ ನೀನು ಓಡಿಸಿದ ರೀತಿ ನೋಡಿ ಗುಮಾಸ್ತ ತಲೆದೂಗಿದ್ದು ಕನ್ನಡಿಯಲ್ಲಿ ಕಂಡಿತು. ಏರಿನಲ್ಲಿ ನಿಲ್ಲಿಸಿದೆ. ನಾನು ಇಳಿದು ಪೊಟ್ಟಣ ಇಟ್ಟೆ. ನೀನು ಕ್ಲಚ್ಚು ಬಿಟ್ಟ ರೀತಿ, ಮಲಗಿದ ಮಗುವಿನ ತಲೆಯ ಕೆಳಗಿಂದ ಕೈ ತೆಗೆಯುತ್ತಾರಲ್ಲ, ಹಾಗಿತ್ತು. ಕಾರು ಮುಂದೆ ಹೋಯಿತು. ಪೊಟ್ಟಣ ಇಟ್ಟ ಹಾಗೇ ಇತ್ತು.

ನೀನು ಮೇಲೆ ಹೋಗಿ ಕಾರು ನಿಲ್ಲಿಸುವಷ್ಟರಲ್ಲಿ ನಾನು ಅದರ ಮೇಲೆ ಬೂಟುಗಾಲಿಟ್ಟು ಒತ್ತಿದೆ. ಜಜ್ಜಿದ ಪೊಟ್ಟಣ ತಂದು ನಿನಗೆ ತೋರಿಸಿದೆ. ಕೆಂಪು ಶಾಯಿಯಲ್ಲಿ ‘ಏರಿನಲ್ಲಿ ಹಿಂದೆ ಜಾರಿತು’ ಎಂದು ಬರೆದೆ.

ಯಾಕೆ ಎಂದು ಕೇಳುತ್ತೀಯ. ಮಗಳನ್ನು ಪಾಸು ಮಾಡಿದ ಎಂದು ಜನ ಆಡಿಕೊಂಡಾರು ಎಂದು. ಬೇರೆ ಊರಿನ ಇನ್‌ಸ್ಪೆಕ್ಟರ ಹತ್ತಿರ ಕಳಿಸಬಹುದಿತ್ತು. ಅವನು ನನ್ನ ಮುಖ ನೋಡಿ ಸುಮ್ಮನೆ ಪಾಸು ಮಾಡಿಬಿಡುತ್ತಾನೆ, ಅದೂ ನನಗೇ ಕೆಟ್ಟ ಹೆಸರು ಎಂದು ಕಳಿಸಲಿಲ್ಲ. ಹಾಗಂದುಕೊಂಡವನು ಮಾಡಿದ್ದೇನು? ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಸಾವಿರಾರು ಜನರನ್ನು ಫೇಲು ಮಾಡಿದ್ದೇನೆ, ಒಬ್ಬರಿಗೂ ಸುಳ್ಳು ಬರೆದವನಲ್ಲ. ಸುಳ್ಳು ಬರೆದದ್ದು ಒಂದೇ ಸಲ, ಅದು ನನ್ನ ಮಗಳಿಗೆ.

ನಿಮ್ಮಮ್ಮನಿಗೆ ಮಾತ್ರ ಅನುಮಾನ ಬಂದಿತ್ತು. “ನಿಜ ಹೇಳ್ರೀ, ಹುಡುಗಿ ಚೆನ್ನಾಗಿ ಓಡಿಸಿದಳು ತಾನೆ?” ಎಂದಳು. “ಅದು ಸರ್ಕಾರಿ ವಿಷಯ, ನೀನು ಕೇಳಬೇಡ” ಎಂದೆ. ಅವಳು ಮತ್ತೆ ಕೇಳಲಿಲ್ಲ. ಎರಡೂವರೆ ತಿಂಗಳಿಗೆ ಹೋಗಿಬಿಟ್ಟಳು.

ನೀನು ಪಾಸಾಗಿದ್ದೆ ಮಗಳೇ. ಇದು ನಿನಗೆ ಗೊತ್ತಾಗಬೇಕಿತ್ತು.

ಅಪ್ಪ


24 ಮಾರ್ಚ್ 1991

ಅಪ್ಪ,

ನಿಮ್ಮ ಕಾಗದ ಕೆಲಸದ ಬ್ಯಾಗಿನಲ್ಲಿ ಹದಿನೈದು ದಿನ ಓಡಾಡಿತು. ಊಟದ ಬಿಡುವಿನಲ್ಲಿ ತೆಗೆಯುವುದು, ಓದುವುದು, ಮಡಚುವುದು. ಪಕ್ಕದ ಮೇಜಿನವಳು, “ಏನೇ, ಯಾರದೇ ಅದು ಪ್ರೇಮಪತ್ರ?” ಎಂದು ರೇಗಿಸಿದಳು. ನಮ್ಮಪ್ಪನದು ಎಂದರೆ ನಂಬಲಿಲ್ಲ.

ಮೊದಲು ನಿಮಗೆ ಖಾರವಾಗಿ ಬರೆಯಬೇಕು ಎಂದುಕೊಂಡೆ. ಹತ್ತೊಂಬತ್ತು ವರ್ಷ ಆದ ಮೇಲೆ ಪಾಸು ಮಾಡಿದರೆ ಅದನ್ನು ಇಟ್ಟುಕೊಂಡು ಏನು ಮಾಡಲಿ? ಆದರೆ ನೀವು ಹೇಳಿಕೊಂಡಿರಿ. ಈಗ ನಾನು ಸುಮ್ಮನಿದ್ದರೆ ನ್ಯಾಯವಲ್ಲ. ನನ್ನದೂ ಒಂದಿದೆ. ಅಳಿಯಂದಿರಿಗೂ ಗೊತ್ತಿಲ್ಲ.

ಆ ಮೇ ತಿಂಗಳ ಮಧ್ಯಾಹ್ನ ನೀವು ಬೇರೆ ಊರಿನಲ್ಲಿ ಮೂರು ದಿನದ ಕ್ಯಾಂಪಿನಲ್ಲಿದ್ದಿರಿ. ಮೂರು ಗಂಟೆ ಇರಬಹುದು. ಅಮ್ಮ ಒಣಗಿದ ಬಟ್ಟೆ ಮಡಚುತ್ತಿದ್ದಳು. ಒಂದು ಅಂಗಿಯ ತೋಳು ಹಿಡಿದುಕೊಂಡೇ ಕೆಳಗೆ ಕೂತಳು. “ಎದೆ ಮೇಲೆ ಯಾರೋ ಕೂತ ಹಾಗಿದೆ ಕಣೇ” ಎಂದಳು. ಹಣೆಯಲ್ಲಿ ಬೆವರು ಹನಿಹನಿಯಾಗಿ ನಿಂತಿತ್ತು. ದರ್ಜಿ ಮನೆಗೆ ಬೀಗ. ಪಕ್ಕದವರು ಕೆಲಸಕ್ಕೆ ಹೋಗಿದ್ದರು. ಕಾರಿನ ಕೀ ಮೊಳೆಯಲ್ಲೇ ಇತ್ತು.

ಲೈಸೆನ್ಸು ಇಲ್ಲದೆ ಮುಟ್ಟಬಾರದು ಎಂದು ನೀವು ಹೇಳಿದ್ದು ಕಿವಿಯಲ್ಲಿತ್ತು. ಮುಟ್ಟಿದೆ ಅಪ್ಪ. ಅಮ್ಮನನ್ನು ಹೊತ್ತುಕೊಂಡೋ ಎಳೆದುಕೊಂಡೋ ಹಿಂದಿನ ಸೀಟಿನಲ್ಲಿ ಕೂರಿಸಿದೆ. ಕೀ ಹಾಕಿದೆ. ಗಾಬರಿಯಲ್ಲಿ ಚೋಕನ್ನು ಪೂರ್ತಿ ಎಳೆದುಬಿಟ್ಟೆ. ಬೇಸಿಗೆಯಲ್ಲಿ ಚೋಕ್ ಬೇಡವೇ ಬೇಡ, ಪೆಟ್ರೋಲು ತುಂಬಿಕೊಂಡರೆ ಬ್ರಹ್ಮ ಬಂದರೂ ಸ್ಟಾರ್ಟ್ ಆಗುವುದಿಲ್ಲ ಎಂದು ನೀವೇ ಹೇಳಿಕೊಟ್ಟಿದ್ದಿರಿ. ಇಂಜಿನ್ನು ತಿರುಗಿತು, ಹತ್ತಿಕೊಳ್ಳಲಿಲ್ಲ. ಇನ್ನೊಮ್ಮೆ, ಮತ್ತೊಮ್ಮೆ. ಕಾರೊಳಗೆಲ್ಲ ಪೆಟ್ರೋಲು ವಾಸನೆ. ಚೋಕ್ ಒಳಗೆ ತಳ್ಳಿದೆ. ಇಳಿದು ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಿದೆ. ಅಂಗೈ ಸುಲಿಯಿತು. ಅಮ್ಮ ಒಳಗಿನಿಂದ, “ಸವತಿ ಏಳಲ್ಲ ಬಿಡೇ, ನಿಮ್ಮಪ್ಪ ಇಲ್ದಿದ್ರೆ ಅವಳು ಯಾರ ಮಾತೂ ಕೇಳಲ್ಲ” ಎಂದಳು. ಅಂಥ ಹೊತ್ತಿನಲ್ಲೂ ತಮಾಷೆ.

ಕೊನೆಗೆ ದೊಡ್ಡ ರಸ್ತೆಗೆ ಓಡಿ ತರಕಾರಿ ವ್ಯಾನೊಂದನ್ನು ಕೈ ಅಡ್ಡ ಹಾಕಿ ನಿಲ್ಲಿಸಿದೆ. ಮುಂದಿನದು ನಿಮಗೆ ಗೊತ್ತು. “ಇಪ್ಪತ್ತು ನಿಮಿಷ ಮೊದಲು ತಂದಿದ್ದರೆ” ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಅಂದದ್ದನ್ನು ನೀವೂ ಕೇಳಿದ್ದೀರಿ. ಆ ಇಪ್ಪತ್ತು ನಿಮಿಷ ಎಲ್ಲಿ ಹೋಯಿತು ಎಂದು ನಿಮಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಆಸ್ಪತ್ರೆಯಿಂದ ಬಂದವಳು ಕಾರಿನ ಬಾಗಿಲು ಮುಚ್ಚಿ, ಕೀ ತಂದು ಅದೇ ಮೊಳೆಗೆ ಹಾಕಿದೆ.

ಮೂರು ತಿಂಗಳಿಗೆ ನಾನು ಊರು ಬಿಟ್ಟದ್ದು ನಿಮ್ಮ ಮೇಲಿನ ಸಿಟ್ಟಿಗಲ್ಲ. ನಿಮ್ಮ ಮುಖ ನೋಡಲಾಗುತ್ತಿರಲಿಲ್ಲ. ಇಷ್ಟು ದಿನ ಒಂದು ಸಮಾಧಾನ ಇಟ್ಟುಕೊಂಡಿದ್ದೆ. ಅಪ್ಪ ಫೇಲು ಮಾಡಿದ್ದೇ ಸರಿ, ನಾನು ಓಡಿಸಲು ಬಾರದವಳು, ಬಾರದವಳಿಂದ ಆದ ತಪ್ಪು ಎಂದು. ಈಗ ನೀವು ಪಾಸು ಎನ್ನುತ್ತೀರಿ. ಓಡಿಸಲು ಬರುವವಳು ಅಮ್ಮನನ್ನು ಮುಟ್ಟಿಸಲಿಲ್ಲ ಎಂದಾದರೆ ತಪ್ಪು ಇನ್ನೂ ದೊಡ್ಡದಾಯಿತಲ್ಲ ಅಪ್ಪ.

ಕ್ಷಮಿಸಿದ್ದೇನೆ ಎಂದು ಒಂದು ಸಾಲು ಬರೆಯಿರಿ. ಒಂದೇ ಸಾಲು ಸಾಕು. ರಜೆ ಹಾಕಿ ಬರುತ್ತೇನೆ.

ನಿಮ್ಮ ಮಗಳು


30 ಮಾರ್ಚ್ 1991

ಮಗಳೇ,

ನಿನ್ನ ಕಾಗದ ತಲುಪಿತು. ಓದಿದೆ.

ಕಣ್ಣಿನ ಡಾಕ್ಟರಿಗೆ ತೋರಿಸಿದೆ. ನೀನು ಹೇಳಿದ್ದು ಸರಿ, ಪೊರೆ. ಎರಡೂ ಕಣ್ಣಿಗೆ.

ಚೋಕ್ ವಿಷಯ ಬಿಟ್ಟುಬಿಡು. ಇಲ್ಲಿ ಬಿಸಿಲು ಜಾಸ್ತಿ. ನಿಧಾನವಾಗಿ ಬರೆಯುತ್ತೇನೆ.

ಅಪ್ಪ


12 ಏಪ್ರಿಲ್ 1991

ಅಪ್ಪ,

ನಾಲ್ಕು ಸಾಲು ಬರೆದಿದ್ದೀರಿ. ಅದರಲ್ಲೊಂದು ಬಿಸಿಲಿನದು.

ಇಷ್ಟು ವರ್ಷ ಬಾಯಿ ಬಿಡದಿದ್ದವಳು ಕರುಳು ಕಿತ್ತು ನಿಮ್ಮ ಮುಂದಿಟ್ಟರೆ ಬಿಟ್ಟುಬಿಡು ಎಂದುಬಿಟ್ಟಿರಿ. ನಿಮ್ಮ ಮಗಳಾಗಿ ನಿಮ್ಮ ಮೌನ ನನಗೆ ಅರ್ಥವಾಗದೆ ಇರುತ್ತದೆಯೇ? ಫೇಲಾದವರಿಗೆ ನೀವು ಕಾರಣ ಹೇಳುತ್ತಿರಲಿಲ್ಲ, ಕಾಗದ ಮಡಚಿ ಕೈಗೆ ಕೊಟ್ಟು ಮುಂದಿನವರನ್ನು ಕರೆಯುತ್ತಿದ್ದಿರಿ. ಈಗಲೂ ಹಾಗೇ. ನೀವು ನನ್ನನ್ನು ಕ್ಷಮಿಸಿಲ್ಲ. ಇರಲಿ. ನನಗೇ ನನ್ನನ್ನು ಕ್ಷಮಿಸಲು ಆಗದಿದ್ದಾಗ ನಿಮ್ಮಿಂದ ಕೇಳಿದ್ದು ಹೆಚ್ಚಾಯಿತು.

ಪೊರೆ ತೆಗೆಸಿಕೊಳ್ಳಿ. ದರ್ಜಿಯವರನ್ನು ಜೊತೆಗೆ ಕರೆದುಕೊಂಡು ಹೋಗಿ. ಇನ್ನು ಈ ವಿಷಯ ಬರೆಯುವುದಿಲ್ಲ.

ನಿಮ್ಮ ಮಗಳು


17 ಏಪ್ರಿಲ್ 1991

ಮಗಳೇ,

ಕ್ಷಮಿಸಲು ನಾನು ಯಾರು? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಿನ್ನ ಮಾರ್ಚ್ ತಿಂಗಳ ಕಾಗದ ಓದಿದ ದಿನದಿಂದ ನನ್ನ ಹೆಗಲನ್ನೇ ಮುಟ್ಟಿಕೊಳ್ಳುತ್ತ ಕೂತಿದ್ದೇನೆ. ಆ ನಾಲ್ಕು ಸಾಲು ಹೇಡಿಯ ಕಾಗದ. ಅದನ್ನು ಹರಿದು ಹಾಕು. ಇದನ್ನು ಓದು.

ಕಾರು ನಿನ್ನ ಚೋಕಿನಿಂದ ನಿಲ್ಲಲಿಲ್ಲ. ಅದರ ರೋಟರು ನನ್ನ ಜೇಬಿನಲ್ಲಿತ್ತು.

ಬಾನೆಟ್ಟಿನ ಕೆಳಗೆ ಪ್ಲಗ್ಗುಗಳಿಗೆ ಕರೆಂಟು ಹಂಚುವ ಒಂದು ಡಬ್ಬಿ ಇದೆ. ಅದರ ಮುಚ್ಚಳ ತೆಗೆದರೆ ನಡುವೆ ತಿರುಗುವ ಒಂದು ಸಣ್ಣ ಕಪ್ಪು ತುಂಡು, ಹೆಬ್ಬೆರಳಿನಷ್ಟು. ಅದೇ ರೋಟರು. ಕೈಯಲ್ಲೇ ಕಿತ್ತು ತೆಗೆಯಬಹುದು. ಅದಿಲ್ಲದಿದ್ದರೆ ಇಂಜಿನ್ನು ತಿರುಗುತ್ತದೆ, ಪೆಟ್ರೋಲು ಹೋಗುತ್ತದೆ, ವಾಸನೆ ಬರುತ್ತದೆ, ಕಿಡಿ ಮಾತ್ರ ಬರುವುದಿಲ್ಲ. ಚೋಕ್ ಎಳೆ, ಎಳೆಯದಿರು, ಹ್ಯಾಂಡಲ್ ತಿರುಗಿಸು, ಬೆಳಗಾಗುವವರೆಗೆ ತಿರುಗಿಸು. ಸ್ಟಾರ್ಟ್ ಆಗುವುದಿಲ್ಲ. ನಿನ್ನಿಂದಷ್ಟೇ ಅಲ್ಲ, ನನ್ನಿಂದಲೂ ಆಗುತ್ತಿರಲಿಲ್ಲ.

ಪರೀಕ್ಷೆ ಆದ ತಿಂಗಳಿಗೆ ಒಂದು ದಿನ ಆಫೀಸಿನಿಂದ ಬಂದಾಗ ಶೆಡ್ಡಿನ ಮುಂದೆ ಚಕ್ರದ ಗುರುತು ಕಂಡಿತು. ನೀನು ಬೀದಿಯ ಕೊನೆಯವರೆಗೆ ಹೋಗಿ ಬಂದಿದ್ದೆ. ನಾನು ಬೈಯಲಿಲ್ಲ. ಬೈದರೆ ನೀನು, ನನ್ನನ್ನು ಯಾಕೆ ಫೇಲು ಮಾಡಿದಿರಿ ಎಂದು ಕೇಳಿಬಿಡುತ್ತೀಯ ಎಂಬ ಭಯ. ಅಂದಿನಿಂದ ಕ್ಯಾಂಪಿಗೆ ಹೋಗುವಾಗಲೆಲ್ಲ ರೋಟರು ಕಿತ್ತು ಕರ್ಚೀಫಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ನಿನಗೂ ಹೇಳಲಿಲ್ಲ, ನಿಮ್ಮಮ್ಮನಿಗೂ ಹೇಳಲಿಲ್ಲ. ಕೀಯನ್ನು ಮಾತ್ರ ಮೊಳೆಯಲ್ಲೇ ಬಿಡುತ್ತಿದ್ದೆ. ಮಗಳ ಮೇಲೆ ನಂಬಿಕೆ ಇದೆ ಎಂದು ತೋರಿಸಿಕೊಳ್ಳಲು. ಕೀಯನ್ನೇ ಒಯ್ದಿದ್ದರೆ ನೀನು ಮೊಳೆ ನೋಡಿದ ತಕ್ಷಣ ರಸ್ತೆಗೆ ಓಡುತ್ತಿದ್ದೆ. ಆ ಇಪ್ಪತ್ತು ನಿಮಿಷ ಉಳಿಯುತ್ತಿತ್ತು. ಇದನ್ನು ನಾನು ಎಷ್ಟು ಸಲ ಲೆಕ್ಕ ಹಾಕಿದ್ದೇನೆ ಎಂದು ಕೇಳಬೇಡ.

ತಂತಿ ಬಂದಾಗ ನಾನು ಒಬ್ಬ ಲಾರಿ ಡ್ರೈವರಿಗೆ ಪರೀಕ್ಷೆ ಮಾಡುತ್ತಿದ್ದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ತುಂಡನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದೆ. ಆಸ್ಪತ್ರೆಗೆ ಹೋಗಿ ಮನೆಗೆ ಬಂದರೆ, ವ್ಯಾನಿನಲ್ಲಿ ಕರೆದುಕೊಂಡು ಹೋದಳಂತೆ ಎಂದರು. ಮಗಳು ಅಪ್ಪನ ಮಾತು ಮೀರುವವಳಲ್ಲ, ಕಾರಿನ ಯೋಚನೆಯನ್ನೇ ಮಾಡಿಲ್ಲ ಎಂದುಕೊಂಡೆ. ಅಬ್ಬ ಎನ್ನಿಸಿತು. ಹೆಂಡತಿ ಹೋದ ಮನೆಯಲ್ಲಿ ನಿಂತು ಅಬ್ಬ ಎಂದುಕೊಂಡವನು ನಾನು.

ಇನ್ನೂ ಒಂದಿದೆ. ಇದನ್ನು ಬಿಟ್ಟು ಕಾಗದ ಮುಗಿಸೋಣ ಎಂದುಕೊಂಡಿದ್ದೆ. ನಾಲ್ಕನೆಯ ದಿನ ಶೆಡ್ಡಿನ ಕಡೆ ಯಾರೂ ಇಲ್ಲದಾಗ ರೋಟರು ತಿರುಗಿ ಕೂರಿಸಿದೆ. ಸ್ಟಾರ್ಟ್ ಮಾಡಿದರೆ ಬ್ಯಾಟರಿ ಪೂರ್ತಿ ಇಳಿದಿತ್ತು. ಮೂರು ದಿನ ನಿಂತರೆ ಬ್ಯಾಟರಿ ಹಾಗೆ ಇಳಿಯುವುದಿಲ್ಲ, ಯಾರೋ ಬಿಡದೆ ಸ್ಟಾರ್ಟರ್ ಒತ್ತಿದ್ದಾರೆ ಎಂದರ್ಥ. ಇದು ಗೊತ್ತಾಗದಷ್ಟು ದಡ್ಡ ನಾನಲ್ಲ. ನಿನ್ನ ಅಂಗೈಗೆ ಬಟ್ಟೆ ಸುತ್ತಿದ್ದೂ ಕಂಡಿತ್ತು. ನಿನ್ನ ಹತ್ತಿರ ಬಂದು, ಏನಾಯಿತು ಹೇಳು ಎಂದು ಕೇಳಬೇಕಿತ್ತು. ಕೇಳಲಿಲ್ಲ. ಹಳೇ ಬ್ಯಾಟರಿ ಎಂದು ನನಗೆ ನಾನೇ ಹೇಳಿಕೊಂಡು ಹೊಸದು ಹಾಕಿಸಿದೆ.

ನೀನು ಮುಟ್ಟಿದ್ದೆ ಎಂದು ಒಂದು ಮಾತು ಹೇಳಿದ್ದರೆ ನಾನೂ ಹೇಳಿಬಿಡುತ್ತಿದ್ದೆನೇನೋ. ಯಾಕೆ ಹೇಳಲಿಲ್ಲ ಮಗಳೇ? ತಪ್ಪು, ಹಾಗೆ ಕೇಳುವ ಬಾಯಿ ನನಗಿಲ್ಲ. ಹೊಡೆದು ಹಾಕಿದರೆ ಕಾಗದ ಗಲೀಜಾಗುತ್ತದೆ, ಹಾಗೇ ಇರಲಿ.

ನಿನ್ನ ತಪ್ಪು ಏನೂ ಇಲ್ಲ. ಸಾಸಿವೆಯಷ್ಟೂ ಇಲ್ಲ. ಇದನ್ನು ಓದಿದ ಮೇಲೆ ನೀನು ಬರುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನೀನು ಬಂದು, ನನ್ನ ಕಾಲ ಬಳಿ ಕೂತು ಅತ್ತು, ಕ್ಷಮಿಸಿ ಅಪ್ಪ ಎಂದು, ನಾನು ನಿನ್ನ ತಲೆ ಸವರುವುದು! ಹದಿನೆಂಟು ದಿನ ನನಗೆ ಆ ಆಸೆ ಇತ್ತು. ಅದಕ್ಕೇ ಬಿಸಿಲಿನ ವಿಷಯ ಬರೆದೆ.

ಅಪ್ಪ


25 ಮೇ 1991

ಮಗಳೇ,

ಉತ್ತರ ಬರಲಿಲ್ಲ. ಉತ್ತರ ಕೇಳಲು ಇದನ್ನು ಬರೆಯುತ್ತಿಲ್ಲ.

ಹಲ್ಲಿನ ಡಾಕ್ಟರು ಮೊನ್ನೆ ಬಂದು ಕಾರು ತೆಗೆದುಕೊಂಡು ಹೋದರು. ಬೀದಿಯ ತಿರುವಿನಲ್ಲಿ ಎಡಗಡೆಯ ಕೆಂಪು ಕೈ ಏಳಲಿಲ್ಲ. ಗುದ್ದು ಕೊಡಬೇಕು ಎಂದು ಹೇಳಿಯೂ ಹೇಳಿದ್ದೆ. ಬಾಗಿಲಲ್ಲಿ ನಿಂತು, “ಗುದ್ರೀ, ಗುದ್ರೀ” ಎಂದು ಕೂಗಿದೆ. ಅವರಿಗೆ ಕೇಳಿಸಲಿಲ್ಲ.

ಶೆಡ್ಡು ಗುಡಿಸಿದೆ. ಬಲಗಣ್ಣಿನ ಪೊರೆ ತೆಗೆದರು. ದರ್ಜಿ ಎರಡು ಹೊತ್ತು ಊಟ ತಂದುಕೊಡುತ್ತಾನೆ, ನನ್ನಿಂದ ಬೈಸಿಕೊಳ್ಳುತ್ತಾನೆ. ಮೊದಲ ಸಲ ಬಟ್ಟೆ ಕಟ್ಟು ಬಿಚ್ಚಿದಾಗ ಎದುರಿಗಿದ್ದ ಗೋಡೆಯ ಬಿಳಿ ನೋಡಿ ಗಾಬರಿಯಾಯಿತು. ಇಷ್ಟು ದಿನ ಎಲ್ಲ ಎಷ್ಟು ಹಳದಿಯಾಗಿ ಕಾಣುತ್ತಿತ್ತು ಎಂದು ಗೊತ್ತೇ ಇರಲಿಲ್ಲ.

ನೀನು ಆರೋಗ್ಯವಾಗಿದ್ದರೆ ಸಾಕು.

ಅಪ್ಪ


11 ಜೂನ್ 1991

ಅಪ್ಪ,

ಆರೋಗ್ಯವಾಗಿದ್ದೇನೆ. ಉತ್ತರ ಬರೆಯಲು ಐದು ಸಲ ಕೂತೆ. ಐದೂ ಒಲೆಗೆ ಹೋದವು.

ನಿಮ್ಮ ರೋಟರಿನ ಕಾಗದ ಓದಿದಾಗ ಮೊದಲು ಬಂದದ್ದು ಸಿಟ್ಟಲ್ಲ. ಹಗುರಾದೆ. ಕೆಲಸದ ಜಾಗದಲ್ಲೇ ಜೋರಾಗಿ ನಕ್ಕುಬಿಟ್ಟೆ. ಪಕ್ಕದ ಮೇಜಿನವಳು ಹೆದರಿ ನೀರು ತಂದುಕೊಟ್ಟಳು. ನಾನಲ್ಲ, ನಾನಲ್ಲ ಎಂದು ಒಳಗೊಳಗೇ ಹೇಳಿಕೊಳ್ಳುತ್ತ ಸಾಯಂಕಾಲದವರೆಗೆ ಗಾಜು ಉಜ್ಜಿದೆ. ಹಾಗೆ ಸಂತೋಷಪಟ್ಟದ್ದಕ್ಕೆ ಆಮೇಲೆ ನಾಚಿಕೆಯಾಯಿತು.

ಸಿಟ್ಟು ಬಂದದ್ದು ಮಾರನೆಯ ದಿನ. ಬಂದದ್ದು ಹೋಗಲೇ ಇಲ್ಲ. ಅಳಿಯಂದಿರಿಗೆ ಎಲ್ಲ ಹೇಳಿದೆ. ಅವರು ಎದ್ದು ಹೋಗಿ ಚಹಾ ಮಾಡಿಕೊಂಡು ಬಂದರು. ಆಮೇಲೆ, “ನಿಮ್ಮಪ್ಪ ಹೇಳದೆ ಇದ್ದಿದ್ರೆ ನಿನಗೆ ಗೊತ್ತಾಗ್ತಿತ್ತಾ?” ಎಂದು ಕೇಳಿದರು. ಗೊತ್ತಾಗುತ್ತಿರಲಿಲ್ಲ. ನೀವು ಒಂದು ಸಾಲು ಕ್ಷಮೆ ಬರೆದು ಹಾಕಿದ್ದರೆ ನಾನು ಓಡಿ ಬಂದು ನಿಮ್ಮ ಕಾಲು ಹಿಡಿಯುತ್ತಿದ್ದೆ. ಸಾಯುವವರೆಗೆ ನಿಮ್ಮನ್ನು ದೇವರು ಎಂದುಕೊಳ್ಳುತ್ತಿದ್ದೆ. ಅದನ್ನು ಬಿಟ್ಟು ನೀವು ನಿಜ ಬರೆದಿರಿ. ಅದು ನನಗೆ ತಿಳಿಯುತ್ತದೆ. ತಿಳಿದರೂ ಸಿಟ್ಟು ಸಿಟ್ಟೇ.

ಯಾವುದಕ್ಕೆ ಸಿಟ್ಟು ಎಂದು ನಿಮಗೆ ಗೊತ್ತಿರಲಿ. ರೋಟರು ತೆಗೆದದ್ದಕ್ಕಲ್ಲ. ಅದನ್ನು ಕ್ಷಮಿಸುವುದೋ ಬಿಡುವುದೋ ಅಮ್ಮನಿಗೆ ಸೇರಿದ್ದು. ಬ್ಯಾಟರಿ ಇಳಿದದ್ದು ನೋಡಿದಿರಿ, ನನ್ನ ಕೈಗೆ ಸುತ್ತಿದ್ದ ಬಟ್ಟೆ ನೋಡಿದಿರಿ, ನೋಡಿಯೂ ಕೇಳದೆ ಹೋದಿರಲ್ಲ, ಅದಕ್ಕೆ. ಇಪ್ಪತ್ತೆರಡು ವರ್ಷದ ಹುಡುಗಿ ಅಪ್ಪ ನಾನು. ನೀವು ಆ ದಿನ ಶೆಡ್ಡಿನಿಂದ ಅಡುಗೆಮನೆಗೆ ಹತ್ತು ಹೆಜ್ಜೆ ನಡೆದು ಬಂದಿದ್ದರೆ ಸಾಕಿತ್ತು. ಕ್ಷಮಿಸಿದ್ದೇನೆ ಎಂದು ಬರೆಯಲು ಕೈ ಬರುತ್ತಿಲ್ಲ. ಸುಳ್ಳು ಬರೆಯಲಾರೆ. ನಮ್ಮಿಬ್ಬರ ನಡುವೆ ಬರೆದ ಸುಳ್ಳು ಒಂದೇ ಸಾಕು.

ನಾನು ಯಾಕೆ ಹೇಳಲಿಲ್ಲ ಎಂದು ಕೇಳಿದಿರಿ. ಕೇಳಿ, ಕೇಳಬಾರದಿತ್ತು ಎಂದೂ ಬರೆದಿರಿ. ಕೇಳಿದ್ದೇ ಒಳ್ಳೆಯದಾಯಿತು.

ತರಕಾರಿ ವ್ಯಾನಿನಲ್ಲಿ ಮೂಟೆಗಳ ನಡುವೆ ಅಮ್ಮನ ತಲೆ ನನ್ನ ತೊಡೆಯ ಮೇಲಿತ್ತು. ಉಸಿರು ಸಿಕ್ಕಾಗಷ್ಟೇ ಮಾತು. ನನ್ನ ಸುಲಿದ ಅಂಗೈಯನ್ನು ತನ್ನ ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡಿದ್ದಳು. “ಕಾರು ಮುಟ್ಟಿದ್ದು ಅಪ್ಪನಿಗೆ ಹೇಳಬೇಡ ಕಣೇ, ಬೈತಾರೆ” ಎಂದಳು.

ಅವಳ ಕೊನೆಯ ಮಾತು ಅದು. ಹತ್ತೊಂಬತ್ತು ವರ್ಷ ನಡೆಸಿಕೊಟ್ಟೆ. ಮಾರ್ಚ್‌ನಲ್ಲಿ ಮುರಿದೆ.

ಬೈಯುವುದಿದ್ದರೆ ಎದುರಿಗೇ ಬೈಯಿರಿ. ಶನಿವಾರ ಬರುತ್ತಿದ್ದೇನೆ.

ನಿಮ್ಮ ಮಗಳು